ಎಡಗೈಯ ಹಿಡಿತ

ಬೆವರಿಗೆ ಗ್ಲಾಸು ಜಾರಿದ್ದೂ ಇರಬಹುದು. ಚಹಾ ಬಿಸಿ ಇತ್ತು, ಗ್ಲಾಸಿನ ಅಂಚಿನ ತನಕ ತುಂಬಿತ್ತು, ಬಸ್ ಹೊರಡುವ ಗಡಿಬಿಡಿ ಬೇರೆ. ಯಾರ ಕೈಯಿಂದಲಾದರೂ ಜಾರಬಹುದಿತ್ತು. ಆದರೆ ಗ್ಲಾಸು ಬಿದ್ದ ಮೇಲೂ ನಿತೇಶನ ಎಡಗೈ ಅದನ್ನು ಇನ್ನೂ ಹಿಡಿದುಕೊಂಡೇ ಇದ್ದೇನೆ ಎಂಬಂತೆ ಅರ್ಧ ಮುಚ್ಚಿಕೊಂಡು ಗಾಳಿಯಲ್ಲಿ ನಿಂತಿತ್ತಲ್ಲ, ಅದಕ್ಕೆ ಏನು ಹೇಳುವುದು? ಅವನು ಕೆಳಗೆ ನೋಡುವುದಕ್ಕೆ ಮೊದಲೇ ತಾನು ನೋಡಿದೆನಲ್ಲ? ಅಥವಾ ಅದನ್ನೇ ಕಾಯುತ್ತಿದ್ದೆನೋ?

ಭಾಸ್ಕರ ಕಿಟಕಿಯ ಕಡೆ ಮುಖ ತಿರುಗಿಸಿದ. ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸು ಬಿಣಗಾ ದಾಟುತ್ತಿತ್ತು. ಪಕ್ಕದಲ್ಲಿ ಕುಳಿತ ನಿತೇಶ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು, ಬಲಗೈಯಲ್ಲಿ ಮೊಬೈಲು ಹಿಡಿದು ನಗುತ್ತಿದ್ದ.

"ನೋಡಾ ಇಲ್ಲಿ. ಪೇಪರ್‌ನಲ್ಲಿ ನನ್ನ ಹೆಸರು ಹಾಕೀರು. ಆದ್ರೆ ಫೋಟೋ ಹಾಕಿದ್ದು ಎಂತದು? ಹೆಲ್ಮೆಟ್ ಹಾಕ್ಕಂಡವನು! ಅಮೆರಿಕದ ಆಟದ್ದು ಹಾಕಿಬಿಟ್ಟಿದಾರೆ."

"ಹೆಸರಾದ್ರೂ ಸರಿ ಇದ್ಯಾ?"

"ನಿಖಿಲ ಅಂತ ಬರೆದಿದಾರೆ."

ಇಬ್ಬರೂ ನಕ್ಕರು. ಭಾರತಕ್ಕೆ ರಗ್ಬಿ ತಂಡವೊಂದು ಇದೆ ಎನ್ನುವುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಲೋಕದ ಪಟ್ಟಿಯಲ್ಲಿ ಅದು ಎಲ್ಲೋ ಕೆಳಗೆ, ಬೆರಳಿಟ್ಟು ಹುಡುಕಬೇಕಾದ ಜಾಗದಲ್ಲಿದೆ. ಆ ತಂಡಕ್ಕೆ ಚಿತ್ತಾಕುಲದ ಮೀನುಗಾರರ ಮನೆಯ ಹುಡುಗನೊಬ್ಬ ಆಯ್ಕೆಯಾಗಿದ್ದ. ಇನ್ನು ಹನ್ನೆರಡು ದಿನಕ್ಕೆ ಕೊಲಂಬೊದಲ್ಲಿ ಕಜಕಸ್ತಾನದ ಮೇಲೆ ಪಂದ್ಯ. ಅದಕ್ಕೆ ಮೊದಲು ಡಾಕ್ಟರೊಬ್ಬರು ದೇಹ ಸರಿಯಿದೆ ಎಂದು ಒಂದು ಫಾರ್ಮಿಗೆ ಸಹಿ ಹಾಕಬೇಕು. ಅದರ ಕೆಳಗೆ ಆಟಗಾರನನ್ನು ಹತ್ತಿರದಿಂದ ಬಲ್ಲ ಒಬ್ಬ ಸಹ ಆಟಗಾರನ ಸಹಿಯೂ ಬೇಕು. ಆ ಎರಡನೇ ಸಹಿಗೆಂದು ಭಾಸ್ಕರ ಬಸ್ಸಿನಲ್ಲಿದ್ದ.

ಭಾಸ್ಕರನ ಹೆಸರು ಕೂಡ ಪಟ್ಟಿಯಲ್ಲಿತ್ತು, ಕೊನೆಯಲ್ಲಿ, ಗೆರೆಯ ಕೆಳಗೆ. ಸ್ಟ್ಯಾಂಡ್‌ಬೈ. ನಿತೇಶನಿಗೆ ಏನಾದರೂ ಆದರೆ ಆ ಜಾಗಕ್ಕೆ ಅವನು.

ಭಾಸ್ಕರ ಅಗಸೂರಿನ ರೈತರ ಮನೆಯವನು. ದೈಹಿಕ ಶಿಕ್ಷಣದಲ್ಲಿ ಪದವಿ ಮುಗಿಸಿ ಕಾರವಾರದ ಒಂದು ಶಾಲೆಯಲ್ಲಿ ಗುತ್ತಿಗೆಯ ಮಾಸ್ತರನಾಗಿದ್ದ; ಕೋಡಿಬಾಗದಲ್ಲಿ ಬಾಡಿಗೆ ಕೋಣೆ. ಕಾಲೇಜಿನ ದಿನಗಳಲ್ಲಿ ನೌಕಾದಳದಿಂದ ನಿವೃತ್ತರಾದ ತುಳಸಿದಾಸ ಮಾಸ್ತರರು ಕಡಲತೀರದಲ್ಲಿ ಹುಡುಗರನ್ನು ಕೂಡಿಸಿ ಈ ಆಟ ಕಲಿಸತೊಡಗಿದಾಗ, ಮೊದಲ ದಿನವೇ ಅವನ ಪಕ್ಕ ನಿಂತವನು ನಿತೇಶ. ಮಾಸ್ತರರಿಗೆ ಬೇಕಾದದ್ದು ಭುಜ. ಭುಜ ಎಲ್ಲಿ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು. ರಂಪಣಿ ಬಲೆ ಎಳೆಯುವ ಕಡೆ.

ನಿತೇಶನ ಅಪ್ಪ ಕುಪ್ಪ ಒಂದು ರಂಪಣಿಯ ಯಜಮಾನ. ದೋಣಿ ಕಡಲಿನೊಳಗೆ ಅರ್ಧ ಸುತ್ತು ಹೋಗಿ ಬಲೆ ಬಿಟ್ಟು ಬರುತ್ತದೆ. ದಂಡೆಯಲ್ಲಿ ಎರಡು ಸಾಲು ಜನ ಎರಡು ಹಗ್ಗ ಹಿಡಿದು ಎಳೆಯುತ್ತಾರೆ. ರಜಾ ದಿನಗಳಲ್ಲಿ ಭಾಸ್ಕರನೂ ಎಳೆಯಲು ಹೋಗುತ್ತಿದ್ದ. ಕುಪ್ಪ ಅವನಿಗೆ ಹೇಳಿಕೊಟ್ಟದ್ದು ಒಂದೇ: ಮುಂದಿನವನು ಮರಳಲ್ಲಿ ಬಿದ್ದರೂ ಹಿಂದಿನವನು ನಿಲ್ಲಬಾರದು. ನಿಂತರೆ ಹಗ್ಗ ಸಡಿಲವಾಗುತ್ತದೆ, ಬಲೆಯ ಕಾಲು ನೆಲದಿಂದ ಏಳುತ್ತದೆ, ಬಂಗಡೆ ಮೀನೆಲ್ಲ ಕೆಳಗಿನಿಂದ ಹೊರಟುಹೋಗುತ್ತದೆ. ಬಿದ್ದವನು ತಾನೇ ಹೊರಳಿ ಬದಿಗೆ ಸರಿಯುತ್ತಾನೆ. ಅವನ ಕಡೆ ನೋಡಬೇಕಾಗಿಲ್ಲ.

ಎರಡು ತಿಂಗಳ ಹಿಂದೆ, ಮಳೆ ನಿಂತ ಹೊಸತರಲ್ಲಿ, ಕಡಲತೀರದ ಅಭ್ಯಾಸದಲ್ಲಿ ಎಂಟು ಎಂಟು ಜನ ಎದುರುಬದುರಾಗಿ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ದೂಡುವ ಸ್ಕ್ರಮ್ ಕಟ್ಟಿದ್ದರು. ನಿತೇಶ ಮುಂದಿನ ಸಾಲಿನ ಎಡತುದಿಯಲ್ಲಿ. ಭಾಸ್ಕರ ಅವನ ಬೆನ್ನ ಹಿಂದೆ, ಭುಜವನ್ನು ಅವನ ಸೊಂಟದ ಕೆಳಗೆ ಒತ್ತಿ. ಸ್ಕ್ರಮ್ ಕುಸಿಯಿತು. ಎದುರಿನ ಕಡೆ ಇದ್ದವರು ಕಾಲೇಜಿನ ಹುಡುಗರು. ಕುಸಿದೊಡನೆ ದೂಡುವುದನ್ನು ನಿಲ್ಲಿಸಿದರು, ಹಾಗೆ ನಿಲ್ಲಬೇಕೆಂಬುದೇ ಆಟದ ನಿಯಮ. ಈ ಕಡೆ ಇದ್ದ ಎಂಟರಲ್ಲಿ ಏಳು ಜನ ಕುಪ್ಪನ ಹಗ್ಗ ಎಳೆಯುವವರು. ಮುಂದಿನವನು ಬಿದ್ದಾಗ ಅವರ ಕಾಲುಗಳು ತಾವಾಗಿಯೇ ಮರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು ದೂಡಿದವು. ಸ್ಕ್ರಮ್ಮಿನಲ್ಲಿ ಬಿದ್ದವನಿಗೆ ಹೊರಳಲು ಬದಿ ಎಂಬುದಿಲ್ಲ. ಐದಾರು ಸೆಕೆಂಡು ಇರಬಹುದು. ಭಾಸ್ಕರನ ಭುಜದ ಕೆಳಗೆ ನಿತೇಶನ ಮೈ ಮಡಚಿಕೊಂಡು, ಆಮೇಲೆ ಒಮ್ಮೆಲೇ ಹಗುರವಾಯಿತು. ತುಳಸಿದಾಸ ಮಾಸ್ತರರು ಸೀಟಿ ಊದುತ್ತ ಓಡಿ ಬಂದಾಗ ನಿತೇಶ ಎದ್ದು ಕುಳಿತು, ಬಾಯಲ್ಲಿನ ಮರಳು ಉಗಿದು, "ಎಂತದಾ, ನನ್ನ ಸಮೇತ ದಂಡೆಗೆ ಎಳೆದ್ರಾ?" ಎಂದು ನಕ್ಕಿದ್ದ.

ಮರುದಿನದಿಂದ ಅವನು ರಂಪಣಿಗೆ ಬರುವುದನ್ನು ನಿಲ್ಲಿಸಿದ. ಆಯ್ಕೆ ಹತ್ತಿರ ಬಂತು, ಮೈ ಉಳಿಸಿಕೊಳ್ಳಬೇಕು ಎಂದ. ಕುಪ್ಪ ನಂಬಿದ.

ಭಾಸ್ಕರ ನಂಬಲಿಲ್ಲ. ನಿತೇಶ ಎಡಚ, ಎಡಗೈಯಲ್ಲಿ ಅಂಗಿಯ ಗುಂಡಿ ಹಾಕುವವನು ಬಲಗೈಯಲ್ಲಿ ತಡಕಾಡುವುದನ್ನು ಕಂಡಿದ್ದ. ಕೇಳಿದಾಗ ನಿತೇಶ, ಬೆರಳಿನಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ, ಕುತ್ತಿಗೆ ಹಿಂದಕ್ಕೆ ಮಾಡಿದರೆ ಕರೆಂಟು ಹೊಡೆದ ಹಾಗೆ ಕೈಯಿಡೀ ಇಳಿಯುತ್ತದೆ, ಅಷ್ಟೇ ಎಂದಿದ್ದ. ಅಷ್ಟೇ.

ಬಸ್ಸು ಅವರ್ಸಾ ಬಿಟ್ಟ ಮೇಲೆ ಭಾಸ್ಕರ ಮೆಲ್ಲಗೆ ಹೇಳಿದ, "ಡಾಕ್ಟರ್ ಹತ್ರ ಹೇಳ್ಬಿಡು ಮಾರಾಯ. ಒಂದು ಎಕ್ಸ್‌ರೇ ತೆಗೀತಾರೆ. ಏನಿಲ್ಲ ಅಂದ್ರೆ ಮುಗೀತು."

"ಎಂತಾದ್ರೂ ಇದ್ರೆ?"

ಭಾಸ್ಕರ ಕಿಟಕಿಯ ಗಾಜು ಸರಿಸಿದ.

"ಇದ್ರೆ ನೀನು ಹೋತೆ," ಎಂದ ನಿತೇಶ, ನಗುತ್ತಲೇ. "ಅದ್ಕೇ ಹೇಳ್ತಾ ಇದ್ಯಾ?"

"ಥೂ. ಎಂತ ಮಾತಾಡ್ತೆ ನೀನು."

"ನಾನಲ್ಲ ಹೇಳೂದು. ಊರು ಹೇಳ್ತದೆ. ಭಾಸ್ಕರ ಮಾಸ್ತರ ಡಾಕ್ಟರ ಕಿವೀಲಿ ಊದಿ ಜೆರ್ಸಿ ಹೊಡ್ಕಂಡ ಅಂತ. ನನ್ನ ಆಯಿ ಮೀನು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಕೇಳೂ ಹಾಗೆ ಹೇಳ್ತಾಳೆ, ನೋಡ್ತಿರು." ಆಮೇಲೆ ನಗು ನಿಲ್ಲಿಸಿ, ಎದುರಿನ ಸೀಟಿನ ಕಂಬಿಯನ್ನು ನೋಡುತ್ತ, "ಒಂದೇ ಪಂದ್ಯ ಭಾಸ್ಕರ. ಆಡಿ ಬಂದ ಮೇಲೆ ನಾನೇ ತೋರಿಸ್ತೆ. ನೀ ಬಾಯಿ ಬಿಡ್ಬೇಡ," ಎಂದ.

ಮೂಳೆ ಡಾಕ್ಟರರ ದವಾಖಾನೆ ಅಂಕೋಲೆಯ ಪೇಟೆಯೊಳಗೆ, ಮಹಡಿಯ ಮೇಲೆ. ಡಾಕ್ಟರು ವಯಸ್ಸಾದವರು, ತೆಳ್ಳಗಿನ ಕೈಯವರು. ಫಾರ್ಮನ್ನು ಎರಡು ಸಲ ಓದಿದರು.

"ರಗ್ಬಿ! ನಮ್ಮ ಕಡೆ? ಆ ಮೊಟ್ಟೆ ಹಾಗಿನ ಚೆಂಡಿನದ್ದಲ್ವೇನೋ?"

"ಹೌದು ಡಾಕ್ಟರೇ."

ಕುತ್ತಿಗೆ ಎಡಕ್ಕೆ ತಿರುಗಿಸಲು ಹೇಳಿದರು, ಬಲಕ್ಕೆ ಹೇಳಿದರು. ಹಿಂದಕ್ಕೆ ಬಾಗಿಸಲು ಹೇಳಿದಾಗ ನಿತೇಶನ ಕಣ್ಣರೆಪ್ಪೆ ಒಮ್ಮೆ ಬಿಗಿಯಾಗಿ ಮುಚ್ಚಿ ತೆರೆಯಿತು. ಡಾಕ್ಟರು ಆಗ ಅವನ ಬೆನ್ನ ಹಿಂದೆ ಇದ್ದರು. ಎದುರಿಗೆ ಕುಳಿತಿದ್ದ ಭಾಸ್ಕರನಿಗೆ ಮಾತ್ರ ಕಂಡಿತು.

"ಬೆರಳು ಜುಮ್ಮೆನ್ನೂದು, ಶಕ್ತಿ ಕಡಿಮೆ ಅನ್ಸೂದು, ಹಾಗೆಂತಾದ್ರೂ?"

"ಇಲ್ಲ."

"ನನ್ನ ಕೈ ಹಿಡಿ. ಎರಡೂ ಒಟ್ಟಿಗೆ. ಒತ್ತು, ಎಷ್ಟಾಗ್ತದೋ ಅಷ್ಟು."

ಡಾಕ್ಟರು ತಮ್ಮ ಎರಡೂ ಕೈಗಳನ್ನು ಅಡ್ಡ ಹಾಕಿ ಎರಡೆರಡು ಬೆರಳು ಮುಂದೆ ಮಾಡಿದರು. ಭಾಸ್ಕರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಇಲ್ಲಿ ಗೊತ್ತಾಗುತ್ತದೆ. ತಾನು ಏನೂ ಹೇಳಬೇಕಾಗಿಲ್ಲ. ಕೈಯೇ ಹೇಳುತ್ತದೆ.

ನಿತೇಶ ಒತ್ತಿದ. ಡಾಕ್ಟರ ಮುಖ ಕಿವುಚಿತು. "ಬಿಡಪ್ಪಾ, ಬಿಡು! ಬೆರಳು ಮುರೀತಿ ಎಂತದು!" ಎಂದು ನಗುತ್ತ ಕೈ ಕೊಡವಿಕೊಂಡರು. "ಎರಡೂ ಕಬ್ಬಿಣ."

ಹತ್ತು ವರ್ಷ ಉಪ್ಪುನೀರಿನ ಹಗ್ಗ ಎಳೆದ ಕೈ ಅದು. ಅರ್ಧ ಶಕ್ತಿ ಹೋದ ಮೇಲೂ ಅದರಲ್ಲಿ ಉಳಿದದ್ದು ಬೇರೆಯವರ ಪೂರ್ತಿ ಶಕ್ತಿಗಿಂತ ಹೆಚ್ಚು. ಅದು ಮೊದಲು ಎಷ್ಟಿತ್ತು ಎಂದು ಗೊತ್ತಿದ್ದವರಿಗೆ ಮಾತ್ರ ಎಷ್ಟು ಹೋಗಿದೆ ಎಂದು ಗೊತ್ತಾಗಬೇಕು. ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರು.

"ಎಮ್ಆರ್‌ಐ ಬೇಕಿದ್ರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗ್ಬೇಕು. ತೊಂದ್ರೆ ಇಲ್ಲದವನಿಗೆ ಅದೆಲ್ಲ ಯಾಕೆ," ಎಂದು ಡಾಕ್ಟರು ಸಹಿ ಮಾಡಿದರು. ಫಾರ್ಮನ್ನು ಮೇಜಿನ ಮೇಲೆ ತಿರುಗಿಸಿ ಭಾಸ್ಕರನ ಕಡೆ ದೂಡಿದರು. "ನೀವು ಜೊತೆಗೇ ಆಡೋರಲ್ವಾ? ಇವನ ಆಟದಲ್ಲಿ, ನಡಿಗೆಯಲ್ಲಿ ಎಂತಾದ್ರೂ ಬದಲು ಕಂಡಿದ್ರಾ?"

ಗೋಡೆಯ ಮೇಲೆ ಬೆನ್ನುಮೂಳೆಯ ಚಿತ್ರವಿತ್ತು. ಅದರಿಂದ ಕವಲೊಡೆದು ಭುಜಕ್ಕೆ, ಬೆರಳ ತುದಿಗೆ ಇಳಿಯುವ ಹಳದಿ ಗೆರೆಗಳು. ಭಾಸ್ಕರ ಅದನ್ನೇ ನೋಡುತ್ತಿದ್ದ. ಹೇಳಿದರೆ ಇವನ ಜಾಗ ತನಗೆ. ತನ್ನ ಬಾಯಿಂದ ಬರುವ ಯಾವ ಮಾತೂ ಬರಿಯ ಮಾತಾಗಿ ಉಳಿಯುವುದಿಲ್ಲ, ಅದಕ್ಕೆ ಒಂದು ಜೆರ್ಸಿಯ ಬೆಲೆ ಅಂಟಿಕೊಳ್ಳುತ್ತದೆ. ಹೇಳದಿದ್ದರೆ? ಏನೂ ಆಗದೆಯೂ ಇರಬಹುದು. ಹೆಚ್ಚಿನ ಸಲ ಏನೂ ಆಗುವುದಿಲ್ಲ.

ಅವನು ಪೆನ್ನು ಎತ್ತಿಕೊಂಡ.

ಮುಂದಿನ ನಾಲ್ಕು ದಿನ ಸೆಕೆ ಹಾಗೇ ಇತ್ತು, ಗಾಳಿ ಅಲುಗಲಿಲ್ಲ. ಶಾಲೆ ಬಿಟ್ಟ ಮೇಲೆ ಭಾಸ್ಕರ ಕೋಡಿಬಾಗದಿಂದ ಕಾಳಿ ಸೇತುವೆಯ ಮೇಲೆ ನಡೆದು ಚಿತ್ತಾಕುಲದ ಕಡೆ ಹೋಗುತ್ತಿದ್ದ, ಅರ್ಧ ದಾರಿಯಲ್ಲಿ ನಿಂತು ಹಿಂದಿರುಗುತ್ತಿದ್ದ. ಪಕ್ಕದಲ್ಲಿ ಬಿದ್ದುಹೋದ ಹಳೆಯ ಸೇತುವೆಯ ಜಾಗದಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು. ಬೀಳುವ ಹಿಂದಿನ ಸಂಜೆಯೂ ಅವನು ಅದರ ಮೇಲೆ ನಡೆದಿದ್ದ. ಕಾಲಿಗೆ ಏನೂ ತಿಳಿದಿರಲಿಲ್ಲ.

ಐದನೇ ದಿನ ತುಳಸಿದಾಸ ಮಾಸ್ತರರ ಮನೆಗೆ ಹೋದ. ಮಾಸ್ತರರು ಅಂಗಳದಲ್ಲಿ ಚೆಂಡುಗಳಿಗೆ ಗಾಳಿ ಹಾಕುತ್ತಿದ್ದರು.

"ಸರ್, ನಿತೇಶನ ವಿಷಯ ಒಂದು ಮಾತು."

ಮಾಸ್ತರರು ಪಂಪು ಬಿಟ್ಟು, ಅವನ ಹೆಗಲ ಮೇಲೆ ಕೈಯಿಟ್ಟರು. "ನೀನು ಬಂದೇ ಬರ್ತೆ ಅಂತ ನನಗೆ ಗೊತ್ತಿತ್ತು. ಬೇಜಾರು ಆಗ್ತದೆ, ಇಲ್ಲ ಅನ್ನೂದಿಲ್ಲ. ಓದಿದ್ದು ನೀನು, ಆಟದ ನಿಯಮ ಬಾಯಿಪಾಠ ಇದ್ದದ್ದು ನಿನಗೆ, ಹೋಗೂದು ಅವನು. ಆದ್ರೆ ಭಾಸ್ಕರ, ಅಸೂಯೆ ಒಂದು ಮಾಡ್ಕೋಬೇಡ. ಮುಂದಿನ ವರ್ಷ ನಿಂದೇ. ನಾನು ಬರೆದು ಕೊಡ್ತೇನೆ."

"ಅದಲ್ಲ ಸರ್..."

"ಮತ್ತೆಂತದು?"

ಮಾಸ್ತರರ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಈಗ ಹೇಳಿದರೆ ಅದು ಅವರು ಮೊದಲೇ ಊಹಿಸಿಟ್ಟ ಮಾತೇ ಆಗುತ್ತದೆ.

"ಅವನಿಗೆ ಶೂ ಸ್ವಲ್ಪ ಬಿಗಿ ಆಗ್ತದಂತೆ," ಎಂದ.

"ಅಷ್ಟೇನಾ? ನನ್ನ ಹತ್ರ ಒಂದು ಜೊತೆ ಉಂಟು, ಕೊಂಡು ಹೋಗು."

ನಿತೇಶ ಹೊರಟ ಬೆಳಿಗ್ಗೆ ಕಾರವಾರದ ಸ್ಟೇಷನ್ನಿಗೆ ಇಡೀ ರಂಪಣಿಯೇ ಬಂದಿತ್ತು. ಕುಪ್ಪ ಇಸ್ತ್ರಿ ಅಂಗಿ ಹಾಕಿದ್ದ. ನಿತೇಶನ ತಾಯಿ ವೈಜಯಂತಿ ಮಾರ್ಕೆಟ್ಟಿನ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು.

"ದೇಶಕ್ಕಾಗಿ ಗುದ್ದಾಡ್ಲಿಕ್ಕೆ ಹೊರಟ ನೋಡೇ," ಎಂದಳು ಒಬ್ಬಳು. "ಮನೇಲಿ ಒಂದು ಬುಟ್ಟಿ ಎತ್ತಿ ಕೊಡಾ ಅಂದ್ರೆ ಕೈ ನೋವು ಅಂತನಂತೆ."

"ಆಯಿ!" ಎಂದ ನಿತೇಶ.

"ನಾ ಎಂತ ಸುಳ್ಳು ಹೇಳಿದ್ನಾ? ಎರಡು ತಿಂಗಳಾಯ್ತು ಇಂವ ಬುಟ್ಟಿ ಮುಟ್ಟಿ. ದೊಡ್ಡ ಮನುಷ್ಯ ಆಗಿಬಿಟ್ಟ." ವೈಜಯಂತಿ ನಕ್ಕಳು, ನಕ್ಕು ಭಾಸ್ಕರನ ಕಡೆ ತಿರುಗಿ, "ನೀನೂ ಹೋಗಬೇಕಿತ್ತು ತಮಾ. ಇವನ ಬೆನ್ನ ಹಿಂದೆ ನೀ ಇದ್ರೆ ನಂಗೆ ಧೈರ್ಯ," ಎಂದಳು.

ಗಾಡಿ ಹೊರಟಾಗ ನಿತೇಶ ಬಾಗಿಲಲ್ಲಿ ನಿಂತು ಬಲಗೈ ಬೀಸಿದ. ಎಡಗೈ ಬಾಗಿಲಿನ ಕಂಬಿಯ ಮೇಲಿತ್ತು. ಹಿಡಿದುಕೊಂಡಿತ್ತೋ ಸುಮ್ಮನೆ ಇಟ್ಟಿತ್ತೋ, ದೂರದಿಂದ ತಿಳಿಯಲಿಲ್ಲ.

ಪಂದ್ಯ ಭಾನುವಾರ ಮಧ್ಯಾಹ್ನ ಮೂರಕ್ಕೆ. ಟೀವಿಯಲ್ಲಿ ಇರಲಿಲ್ಲ, ಮೊಬೈಲಿನಲ್ಲಿ ಯಾರೋ ನೇರ ತೋರಿಸುತ್ತಿದ್ದರು. ಚಿತ್ತಾಕುಲದ ಮನೆಯ ಜಗಲಿಯಲ್ಲಿ ನಿತೇಶನ ತಂಗಿ ಲತಾ ಅಕ್ಕಿಡಬ್ಬಕ್ಕೆ ಮೊಬೈಲು ಒರಗಿಸಿ ಇಟ್ಟಳು. ನೋಡುತ್ತಿರುವವರು ಇನ್ನೂರ ಹದಿನಾಲ್ಕು ಜನ ಎಂದು ಮೂಲೆಯಲ್ಲಿ ಬರೆದಿತ್ತು. ಕುಪ್ಪ, ವೈಜಯಂತಿ, ಲತಾ, ಭಾಸ್ಕರ ನಾಲ್ವರೂ ತಲೆ ಕೂಡಿಸಿ ಕುಳಿತರು.

"ಇದರಲ್ಲಿ ನಮ್ಮವ ಯಾರು? ಎಲ್ಲ ಒಂದೇ ಹಾಗೆ ಕಾಣ್ತರೆ," ಎಂದಳು ವೈಜಯಂತಿ.

"ಒಂದನೇ ನಂಬರು ಆಯಿ, ನೀಲಿ ಅಂಗಿ."

"ಆ ಎದುರಿನವರು ಎಂತ ತಿಂತರಾ? ಕುತ್ತಿಗೆಯೇ ಇಲ್ಲ."

ಸ್ಕ್ರಮ್ಮಿನಲ್ಲಿ ಒಂದನೇ ನಂಬರಿನವನ ಬಲಗೈ ಪಕ್ಕದ ಜೊತೆಗಾರನನ್ನು ತಬ್ಬಿರುತ್ತದೆ. ಎಡಗೈ ಎದುರಾಳಿಯ ಬೆನ್ನಿನ ಜೆರ್ಸಿಯನ್ನು ಹಿಡಿಯಬೇಕು. ಆ ಮೂಲೆಯನ್ನು ಎತ್ತಿ ಹಿಡಿಯುವುದು ಆ ಒಂದು ಹಿಡಿತವೇ. ಅದು ಜಾರಿದರೆ ಎರಡೂ ತಂಡಗಳ ಭಾರ ಅವನ ಕುತ್ತಿಗೆಯ ಮೇಲೆ ಬರುತ್ತದೆ. ಮೊದಲ ಸ್ಕ್ರಮ್ ನಿಂತಿತು. ಎರಡನೆಯದರಲ್ಲಿ ಎಡಗೈ ಜಾರಿ ಮತ್ತೆ ಹಿಡಿದದ್ದು ಭಾಸ್ಕರನಿಗೆ ಕಂಡಿತು. ಮೂರನೆಯದು ಆ ಮೂಲೆಯಿಂದಲೇ ಕುಸಿಯಿತು. ರೆಫ್ರಿ ಸೀಟಿ ಊದಿದ. ನಿತೇಶ ಕೊನೆಗೆ ಎದ್ದ. ಎದ್ದು, ಯಾರೂ ನೋಡದ ಹಾಗೆ, ಎಡಗೈಯನ್ನು ಬಲಗೈಯಿಂದ ಎತ್ತಿ ಸೊಂಟದ ಮೇಲೆ ಇಟ್ಟುಕೊಂಡ.

"ಹಾಂ, ನನ್ನ ಮಗ ಸೊಂಟದ ಮೇಲೆ ಕೈ ಇಟ್ಟು ಹೆಂಗೆ ನಿಂತ ನೋಡು, ರಾಜನ ಹಾಗೆ!" ಎಂದು ಕುಪ್ಪ ತೊಡೆ ತಟ್ಟಿದ.

ಅರ್ಧ ಆಟ ಮುಗಿದು ವಿರಾಮ ಬಂತು. ಸ್ಟ್ಯಾಂಡ್‌ಬೈ ಆಟಗಾರನೆಂದು ತಂಡದ ಮ್ಯಾನೇಜರರ ನಂಬರು ಭಾಸ್ಕರನ ಬಳಿ ಇತ್ತು. ಅವನು ತನ್ನ ಮೊಬೈಲು ತೆಗೆದು ಆ ಹೆಸರಿನ ಮೇಲೆ ಬೆರಳಿಟ್ಟ. ಹತ್ತು ನಿಮಿಷವಿದೆ. ಒಂದು ವಾಕ್ಯ ಸಾಕು. ಈಗ ಹೇಳಿದರೆ ಜೆರ್ಸಿ ತನಗೆ ಬರುವುದಿಲ್ಲ, ಬೆಂಚಿನಲ್ಲಿ ಬೇರೆಯವರಿದ್ದಾರೆ. ಯಾರೂ ಏನೂ ಅನ್ನುವ ಹಾಗಿಲ್ಲ. ಆದರೆ ಕೇಳುತ್ತಾರೆ, ನಿನಗೆ ಯಾವಾಗಿನಿಂದ ಗೊತ್ತು ಎಂದು. ಫಾರ್ಮಿನ ಕೆಳಗೆ ಸಹಿ ಯಾರದು ಎಂದು.

"ಯಾರಿಗಾ ಫೋನು?" ಎಂದ ಕುಪ್ಪ.

"ಯಾರಿಗೂ ಅಲ್ಲ ಮಾಮಾ. ಟೈಮ್ ನೋಡ್ದೆ."

ವೈಜಯಂತಿ ಚಹಾ ತಂದು ಕೊಟ್ಟಳು. ಆಟ ಮತ್ತೆ ಸುರುವಾಯಿತು. ಏಳನೆಯ ನಿಮಿಷಕ್ಕೆ ಸ್ಕ್ರಮ್ ಕಟ್ಟಿತು. ತಲೆಗಳು ತಗ್ಗಿದವು, ಎರಡೂ ಕಡೆಯವರು ಒಮ್ಮೆಲೇ ಹಾಯ್ದರು. ಅಷ್ಟರಲ್ಲಿ ಮೊಬೈಲಿನ ಚಿತ್ರ ನಿಂತುಹೋಯಿತು. ಬೆನ್ನುಗಳ ಒಂದು ರಾಶಿ, ಅಲುಗದೆ. ನಡುವೆ ಬಿಳಿ ಚಕ್ರವೊಂದು ಸುತ್ತುತ್ತಿತ್ತು.

"ಇದೆಂತಾಯ್ತೇ?"

"ನೆಟ್ ಹೋಯ್ತು ಆಯಿ. ಬತ್ತದೆ, ತಡಿ."

ಲತಾ ಮೊಬೈಲನ್ನು ಎತ್ತಿ ಅಂಗಳಕ್ಕೆ ಹೋದಳು, ಬಾವಿಕಟ್ಟೆಯ ಬಳಿ ನಿಂತಳು. ಉಳಿದ ಮೂವರೂ ಅವಳ ಹಿಂದೆಯೇ ಬಂದು ನಿಂತರು. ಹಿತ್ತಿಲ ಆಚೆ ಕಡಲು ಕೇಳುತ್ತಿತ್ತು. ಎರಡು ನಿಮಿಷವೋ ಮೂರೋ. ಚಿತ್ರ ಬಂದಾಗ ಆಟ ನಿಂತಿತ್ತು. ಆಟಗಾರರು ದೂರ ದೂರ ನಿಂತಿದ್ದರು, ಕೆಲವರು ಬೆನ್ನು ತಿರುಗಿಸಿ. ನೆಲದ ಮೇಲೆ ಬಾಗಿದ ನಾಲ್ಕೈದು ಜನರ ಕಾಲುಗಳ ಸಂದಿಯಲ್ಲಿ ಒಂದು ಜೊತೆ ಶೂ ಕಾಣುತ್ತಿತ್ತು. ತುಳಸಿದಾಸ ಮಾಸ್ತರರ ಶೂ. ಅವು ಅಲುಗುತ್ತಿರಲಿಲ್ಲ.

"ಯಾವನಾ ಬಿದ್ದದ್ದು?" ಎಂದಳು ವೈಜಯಂತಿ. ಲತಾ ಮೊಬೈಲನ್ನು ಎದೆಗೆ ಒತ್ತಿಕೊಂಡಳು. "ಯಾವನಾ? ಭಾಸ್ಕರ, ನೀನಾದ್ರೂ ಹೇಳಾ, ಯಾವನು?"

ಅಷ್ಟರಲ್ಲಿ ಭಾಸ್ಕರನ ಮೊಬೈಲು ಬಡಿದುಕೊಂಡಿತು. ಮ್ಯಾನೇಜರರು. ಸುತ್ತ ಗದ್ದಲ, ಅವರು ಹಿಂದಿಯಲ್ಲಿ ಜೋರಾಗಿ, ಅವಸರದಲ್ಲಿ ಮಾತಾಡಿದರು. ಹುಡುಗನಿಗೆ ಕೈಕಾಲು ಅಲುಗಿಸಲು ಆಗುತ್ತಿಲ್ಲ. ಪ್ರಜ್ಞೆ ಇದೆ, ಮಾತಾಡುತ್ತಿಲ್ಲ. ಆಸ್ಪತ್ರೆಗೆ ಒಯ್ಯುತ್ತಿದ್ದೇವೆ. ಇಲ್ಲಿಯ ಡಾಕ್ಟರು ಕೇಳುತ್ತಿದ್ದಾರೆ, ಇವನ ಕುತ್ತಿಗೆಗೆ ಮೊದಲು ಯಾವಾಗಲಾದರೂ ಪೆಟ್ಟಾಗಿತ್ತೇ? ಗೊತ್ತಿದ್ದರೆ ಅವರಿಗೆ ಅನುಕೂಲ. ಫಾರ್ಮಿನಲ್ಲಿ ನಿನ್ನ ಸಹಿ ಇದೆ, ಅದಕ್ಕೆ ನಿನಗೇ ಫೋನು ಮಾಡಿದೆ.

ಭಾಸ್ಕರ ತಲೆಯೆತ್ತಿದ. ವೈಜಯಂತಿ ಅವನ ಎದುರೇ ನಿಂತಿದ್ದಳು. ಅವಳಿಗೆ ಹಿಂದಿ ಬರುತ್ತಿತ್ತು. ಗೋವಾದಿಂದ ಬರುವ ಗಿರಾಕಿಗಳ ಜೊತೆ ದಿನವೂ ಮಾತಾಡುವವಳು. ಅವಳ ಕಣ್ಣು ಅವನ ತುಟಿಗಳ ಮೇಲೆಯೇ ಇತ್ತು.

"ಇಲ್ಲ ಸರ್," ಎಂದ ಭಾಸ್ಕರ. "ಏನೂ ಇರಲಿಲ್ಲ."

ಮ್ಯಾನೇಜರರು ಫೋನು ಇಟ್ಟರು.

ಎರಡು ತಿಂಗಳ ಹಿಂದೆ ತನ್ನ ಭುಜದ ಕೆಳಗೆ ನಿತೇಶನ ಕುತ್ತಿಗೆಗೆ ಪೆಟ್ಟಾಗಿತ್ತು, ಅಂದಿನಿಂದ ಆ ಎಡಗೈಯಲ್ಲಿ ಶಕ್ತಿ ಇರಲಿಲ್ಲ ಎಂದು ಭಾಸ್ಕರ ಆಗಲೂ ಹೇಳಲಿಲ್ಲ, ಆಮೇಲೆಯೂ ಯಾರಿಗೂ ಹೇಳಲಿಲ್ಲ.